ಅಂಗಡಿ ಮೇಲಿನ ಮನೆ: ಬೆಳಗಾವಿ ಪೇಟೆಯೊಳಗೆ ಬಾಡಿಗೆ ಹಿಡಿಯುವ ಮೊದಲು

ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡಿದ ಮನೆಗೆ ಮುಂಗಡ ಕೊಡಬೇಡಿ. ಆ ಹೊತ್ತಿಗೆ ಖಡೇಬಜಾರದ ಶಟರುಗಳೆಲ್ಲ ಮುಚ್ಚಿರುತ್ತವೆ, ಗಣಪತ ಗಲ್ಲಿಯಲ್ಲಿ ಟೆಂಪೊ ತಿರುಗಿಸುವಷ್ಟು ಜಾಗ ಕಾಣುತ್ತದೆ, ಮಾಲಕರು ಕಿಟಕಿ ತೆರೆದು "ನೋಡ್ರಿ, ಎಷ್ಟ ಶಾಂತ ಐತಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಎಂಟು ಗಂಟೆಯ ಮಟ್ಟಿಗೆ ಅದು ನಿಜವೇ. ಪೇಟೆಯೊಳಗಿನ ಮನೆ ಒಂದೇ ದಿನದಲ್ಲಿ ಮೂರ್ನಾಲ್ಕು ಮನೆಗಳಾಗುತ್ತದೆ. ನೀವು ಬಾಡಿಗೆ ಕೊಡುವುದು ಅಷ್ಟಕ್ಕೂ ಸೇರಿಸಿ.

ಹಾಗಾಗಿ ಮೂರು ಹೊತ್ತು ನೋಡಿ. ಬೆಳಿಗ್ಗೆ ಹತ್ತೂವರೆಗೆ ಒಮ್ಮೆ: ಅಂಗಡಿ ತೆರೆದು ಮಾಲು ಇಳಿಯುವ ಸಮಯ, ಹಮಾಲರು ಚೀಲ, ಪೆಟ್ಟಿಗೆಗಳನ್ನು ನಿಮ್ಮ ಪಾವಟಿಗೆಯ (ಮೆಟ್ಟಿಲ) ಬಾಯಲ್ಲೇ ಒಟ್ಟುತ್ತಾರೋ ಇಲ್ಲವೋ ತಿಳಿಯುತ್ತದೆ. ಶನಿವಾರ ಸಂಜೆ ಏಳಕ್ಕೆ ಇನ್ನೊಮ್ಮೆ: ಸಂತೆಯ ದಿನ, ಗದ್ದಲ ಅದರ ತುದಿ ಮುಟ್ಟಿರುತ್ತದೆ. ರಾತ್ರಿ ಹತ್ತೂವರೆಗೆ ಮತ್ತೊಮ್ಮೆ: ಅಂಗಡಿ ಮುಚ್ಚಿದ ಮೇಲೆ ಗಲ್ಲಿಯಲ್ಲಿ ದೀಪ ಉಳಿಯುತ್ತದೆಯೇ, ನಾಯಿಗಳು ಎಷ್ಟಿವೆ, ಮೆಟ್ಟಿಲ ಬುಡದ ಗೇಟಿಗೆ ಯಾರು ಕೀಲಿ ಹಾಕುತ್ತಾರೆ, ಇವು ಹಗಲು ಕಾಣುವುದಿಲ್ಲ. ಮೂರೂ ಸಲ ಕಿಟಕಿ ಮುಚ್ಚಿ, ಮಲಗುವ ಕೋಣೆಯಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಿ.

ಸದ್ದಿನ ಬಗ್ಗೆ ಕಾನೂನು ಏನನ್ನುತ್ತದೆ ಎನ್ನುವುದೂ ಗೊತ್ತಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ ಹಗಲು 65, ರಾತ್ರಿ 55. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ತಿಲಕವಾಡಿಯಂಥ ವಸತಿ ಬಡಾವಣೆಯ ಒಳರಸ್ತೆಯಲ್ಲಿ ದೂರು ಕೊಡಬಹುದಾದ ಸದ್ದು ಇಲ್ಲಿ ಕಾಗದದ ಮೇಲೆ ಮಾಮೂಲಿ ಸದ್ದು. ದೂರು ಕೊಟ್ಟು ಗೆಲ್ಲುವ ಆಸೆ ಇಟ್ಟುಕೊಂಡು ಪೇಟೆಗೆ ಬರಬೇಡಿ.

ಗಲ್ಲಿಗಿಂತ ಮುಖ್ಯ, ನಿಮ್ಮ ಕಾಲ ಕೆಳಗಿನ ಅಂಗಡಿ ಯಾವುದು ಎನ್ನುವುದು. ಬಟ್ಟೆ ಅಂಗಡಿ ಇದ್ದರೆ ಸದ್ದಿಲ್ಲ, ವಾಸನೆ ಇಲ್ಲ, ನೆರೆಯವರು ಅಂತ ನೋಡಿದರೆ ಉತ್ತಮ. ಆದರೆ ಬೆಂಕಿಯ ಮಾತು ಬಂದಾಗ ಅದೇ ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ಮುಂದೆ ಹೇಳುತ್ತೇನೆ. ರವಿವಾರ ಪೇಟೆಯಂಥ ಸಗಟು ಕಿರಾಣಿ ಜಾಗದಲ್ಲಿ ಮಾಲಿನ ಗಾಡಿಗಳು ಮತ್ತು ಇಲಿ. ಕೆಳಗೆ ಮೆಣಸಿನಕಾಯಿ ಚೀಲ ಇಟ್ಟಿದ್ದರೆ ಘಾಟು ಮೇಲಿನ ಅಡಿಗೆಮನೆವರೆಗೂ ಬರುತ್ತದೆ. ಖಾನಾವಳಿ ಅಥವಾ ಚಹಾದ ಅಂಗಡಿ ಇದ್ದರೆ ಹೊಗೆಕೊಳವೆ ಎಲ್ಲಿ ಬಾಯಿ ಬಿಟ್ಟಿದೆ ನೋಡಿ. ನಿಮ್ಮ ಕಿಟಕಿಗಿಂತ ಕೆಳಗೆ ಬಿಟ್ಟಿದ್ದರೆ ಪರದೆ, ಗೋಡೆ, ತಲೆಗೂದಲು ಎಲ್ಲಕ್ಕೂ ಒಗ್ಗರಣೆ. ಚಪ್ಪಲಿ ಹೊಲಿಯುವ, ದುರಸ್ತಿ ಮಾಡುವ ಕಡೆ ಅಂಟಿನ ವಾಸನೆ. ಬಂಗಾರ ಕರಗಿಸುವ ಕಡೆ ಆಸಿಡ್ ವಾಸನೆ, ಮನೆಯಲ್ಲಿ ದಮ್ಮಿನವರಿದ್ದರೆ ಇವೆರಡನ್ನೂ ಬಿಟ್ಟುಬಿಡಿ. ಬ್ಯಾಂಕು ಇದ್ದರೆ ಸಂಜೆಯಾದ ಮೇಲೆ ನಿಶ್ಶಬ್ದ, ಆದರೆ ಅದರ ಜನರೇಟರು ಮತ್ತು ಏಸಿಯ ಹೊರಗಿನ ಪೆಟ್ಟಿಗೆ ನಿಮ್ಮ ಗೋಡೆಗೆ ಜೋತುಬಿದ್ದಿಲ್ಲವಷ್ಟೇ ಅಂತ ನೋಡಿ.

ಇಲಿಯ ಮಾತು ಬಂತು. ಚಿಕ್ಕ ಇಲಿಮರಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು. ಬಚ್ಚಲಿನ ಜಾಲರಿ, ಅಡಿಗೆಮನೆಯ ಫ್ಯಾನಿನ ತೂತು, ಪೈಪು ಗೋಡೆ ತೂರುವ ಜಾಗ ಇವಕ್ಕೆ 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಉಕ್ಕಿನ ಜಾಳಿಗೆ ಹಾಕಿ ಸಿಮೆಂಟು ಮೆತ್ತಿಸಿ. ಪ್ಲಾಸ್ಟಿಕ್ ಜಾಳಿಗೆ ಕಡಿದು ಹಾಕುತ್ತವೆ.

ಇನ್ನು ಶಟರು. ಪೇಟೆಯ ಗದ್ದಲಕ್ಕೆ ಒಂದು ತಿಂಗಳಲ್ಲಿ ಕಿವಿ ಒಗ್ಗುತ್ತದೆ. ಶಟರಿಗೆ ಮಾತ್ರ ಒಗ್ಗುವುದಿಲ್ಲ, ಯಾಕೆಂದರೆ ಅದು ಗಾಳಿಯಲ್ಲಿ ಬರುವ ಸದ್ದಲ್ಲ. ಶಟರು ಸುತ್ತಿಕೊಳ್ಳುವ ಪೈಪು, ಅದರ ಸ್ಪ್ರಿಂಗು, ಎರಡು ಬದಿಯ ಬ್ರ್ಯಾಕೆಟ್ಟು ಎಲ್ಲವೂ ಅಂಗಡಿ ಬಾಗಿಲ ಮೇಲ್ಗಡೆ, ಅಂದರೆ ನಿಮ್ಮ ಮನೆಯ ನೆಲಕ್ಕೆ ಅಂಟಿಕೊಂಡೇ ಕೂತಿರುತ್ತವೆ. ಎಳೆದಾಗ ಅದರ ಅದುರು ಗೋಡೆಯೊಳಗಿಂದ ನೇರವಾಗಿ ಮಂಚದ ಕಾಲಿಗೆ ಬರುತ್ತದೆ. ಕಿಟಕಿಗೆ ಎರಡು ಪದರ ಗಾಜು ಹಾಕಿಸಿದರೂ ಇದಕ್ಕೆ ಉಪಯೋಗವಿಲ್ಲ. ಮಾಡಬೇಕಾದ್ದು ಎರಡು: ರಸ್ತೆ ಬದಿಯ ಕೋಣೆಯನ್ನು ಪಡಸಾಲೆ ಮಾಡಿ, ಹಿಂದಿನ ಕೋಣೆಯಲ್ಲಿ ಮಲಗಿ, ಮತ್ತು ಅಂಗಡಿಯವರ ಜೊತೆ ಮಾತಾಡಿ ಎರಡೂ ಬದಿಯ ಚಾನೆಲ್ಲಿಗೆ ಮೂರು ತಿಂಗಳಿಗೊಮ್ಮೆ ಗ್ರೀಸು ಹಚ್ಚಿಸಿ. ಮೊದಲು ಹಳೆ ಗ್ರೀಸನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಅರಿವೆಯಿಂದ ಒರೆಸಬೇಕು. ಧೂಳು ಹಿಡಿದ ಗ್ರೀಸಿನ ಮೇಲೆ ಹೊಸದನ್ನು ಬಳಿದರೆ ಮರಳು ಅರೆದಂತೆ ಸದ್ದು ಇನ್ನೂ ಹೆಚ್ಚುತ್ತದೆ. ಅರ್ಧಕ್ಕೆ ಬಂದು ಸಿಕ್ಕಿಕೊಂಡು ಆಮೇಲೆ ಧಡಾರನೆ ಬೀಳುವ ಶಟರಿನಲ್ಲಿ ತಪ್ಪು ಚಾನೆಲ್ಲಿನದಲ್ಲ, ಸ್ಪ್ರಿಂಗು ಸಡಿಲಾಗಿದೆ ಅಥವಾ ಒಂದು ತುಂಡಾಗಿದೆ. ಅದನ್ನು ಶಟರಿನ ಮಿಸ್ತ್ರಿಯೇ ಬಿಗಿಯಬೇಕು, ಮನೆಯವರು ಕೈಹಾಕುವ ಕೆಲಸವಲ್ಲ. "ಸಾವಕಾರ್ರ, ಖರ್ಚು ಅರ್ಧ ನಾ ಕೊಡ್ತೀನ್ರಿ" ಅಂದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಪಾವಟಿಗೆ ಎಣಿಸಿ. ಅಂಗಡಿಗಳ ಎತ್ತರ ಮನೆಗಿಂತ ಹೆಚ್ಚು, 12 ಅಡಿ ಇರುವುದು ಸಾಮಾನ್ಯ. 7 ಇಂಚಿನ ಮೆಟ್ಟಿಲಾದರೆ ಮೊದಲ ಮಹಡಿಗೇ 20ಕ್ಕೂ ಹೆಚ್ಚು ಮೆಟ್ಟಿಲು. ಹಳೆ ಕಟ್ಟಡಗಳಲ್ಲಿ 16 ಇದ್ದರೆ ಖುಷಿಪಡಬೇಡಿ, ಒಂದೊಂದೂ 9 ಇಂಚು ಇದೆ ಎಂದರ್ಥ, ಮೊಣಕಾಲು ಲೆಕ್ಕ ಕೇಳುತ್ತದೆ. ತುಂಬಿದ 14.2 ಕಿಲೋ ಸಿಲಿಂಡರು ಕಬ್ಬಿಣದ ತೂಕ ಸೇರಿ 30 ಕಿಲೋ ಹತ್ತಿರ ಬರುತ್ತದೆ. ಅದನ್ನು ಅಷ್ಟು ಮೆಟ್ಟಿಲು ಹೊತ್ತು ತರುವ ಹುಡುಗನ ಜೊತೆ ಮೊದಲ ದಿನವೇ ಚೆನ್ನಾಗಿ ಮಾತಾಡಿಕೊಳ್ಳುವುದು ಒಳ್ಳೆಯದು.

ಮೆಟ್ಟಿಲ ಅಗಲವನ್ನು ಟೇಪು ಹಿಡಿದು ಅಳೆಯಿರಿ, ಮುಖ್ಯವಾಗಿ ತಿರುವಿನಲ್ಲಿ. ಉಕ್ಕಿನ ತಿಜೋರಿ ಸಾಧಾರಣವಾಗಿ ಆರೂವರೆ ಅಡಿ ಎತ್ತರ, 3 ಅಡಿ ಅಗಲ, ಒಂದೂವರೆ ಅಡಿಗಿಂತ ತುಸು ಹೆಚ್ಚು ಆಳ. ಎರಡೂವರೆ ಅಡಿಯ ನೇರ ಮೆಟ್ಟಿಲಲ್ಲಿ ಅದನ್ನು ಮಲಗಿಸಿ ಒಯ್ಯಬಹುದು. ನಡುವೆ ತಿರುವಿದ್ದು ತಲೆ ಮೇಲಿನ ಸ್ಲ್ಯಾಬು ತಗ್ಗಿದ್ದರೆ ಒಯ್ಯಲಾಗದು. ಆಗ ಬಾಲ್ಕನಿಯಿಂದ ಹಗ್ಗ ಹಾಕಿ ಎಳೆಯಬೇಕು, ಅದಕ್ಕೆ ಕೆಳಗಿನ ಅಂಗಡಿಯ ಫಲಕ ಮತ್ತು ಗಲ್ಲಿಗಡ್ಡ ಹಾದ ವೈರು ಅಡ್ಡ. ಬಿಚ್ಚಿ ಜೋಡಿಸುವ ಮಂಚ, ಕಪಾಟುಗಳೇ ಪೇಟೆಗೆ ಸರಿ. ಸಾಮಾನು ತರುವುದು ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಮುಗಿಯಬೇಕು. ಛೋಟಾ ಹಾಥಿ (ಟಾಟಾ ಏಸ್) ಗಾಡಿಯ ಅಗಲ ಒಂದೂವರೆ ಮೀಟರು, ಅಂದರೆ ಐದಡಿ. ಗಲ್ಲಿಯೊಳಗೆ ಅದು ಹಾಯುತ್ತದೆ, ಆದರೆ ಒಂಬತ್ತೂವರೆಗೆ ಹಾತಗಾಡಿಗಳು ನಿಂತ ಮೇಲೆ ಹಿಂದೆ ಬರಲಾಗುವುದಿಲ್ಲ.

ನಿಮ್ಮ ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದನ್ನು ಬಾಡಿಗೆ ಮಾತಾಡುವಾಗಲೇ ಮಾತಾಡಿ. ಕಾರು ಇದ್ದವರು ಈ ಬರಹವನ್ನು ಇಲ್ಲಿಗೇ ಬಿಟ್ಟರೂ ನಡೆದೀತು. ಸ್ಕೂಟರಿಗಾದರೆ ಅಂಗಡಿ ಮುಚ್ಚಿದ ಮೇಲೆ ಅದರ ಕಟ್ಟೆ ಮುಂದೆ ಜಾಗ ಸಿಗುತ್ತದೆ, ಬೆಳಿಗ್ಗೆ ಒಂಬತ್ತರೊಳಗೆ ತೆಗೆಯಬೇಕು, ಇದು ಗಲ್ಲಿಯ ಅಲಿಖಿತ ಕರಾರು.

ನೀರಿಗೆ ಬರೋಣ. ಬೆಳಗಾವಿಗೆ ನೀರು ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಊರಿನ ಕೆಲವು ವಾರ್ಡುಗಳಿಗೆ 2008ರಿಂದ ದಿನದ 24 ಗಂಟೆಯೂ ನಳದಲ್ಲಿ ನೀರಿನ ವ್ಯವಸ್ಥೆ ಆಯಿತು, ಉಳಿದೆಡೆ ಪಾಳಿ. ಗಲ್ಲಿಯಿಂದ ಗಲ್ಲಿಗೆ ವ್ಯತ್ಯಾಸ ಇರುವುದರಿಂದ ಮಾಲಕರನ್ನಲ್ಲ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ: "ಅಕ್ಕಾರ, ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ, ಬ್ಯಾಸಿಗ್ಯಾಗ ಎಷ್ಟ ದಿನಕ್ಕ?" ಎರಡನೆಯ ಪ್ರಶ್ನೆಯೇ ಮುಖ್ಯ. ಲೆಕ್ಕ ಸರಳ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ಕು ಜನಕ್ಕೆ 540. ಮೂರು ದಿನಕ್ಕೊಮ್ಮೆ ನೀರು ಬಂದರೆ 1,620 ಲೀಟರ್, ಒಂದು ಪಾಳಿ ತಪ್ಪಿದರೆ ಅದರ ಇಮ್ಮಡಿ. ಕೈ ಬಿಗಿಹಿಡಿದು ತಲೆಗೆ 80 ಲೀಟರಿಗೆ ಇಳಿಸಿದರೂ ಮೂರು ದಿನಕ್ಕೆ 1,000 ಲೀಟರಿನ ಟಾಕಿ ಬೇಕೇ ಬೇಕು.

ಆ ಟಾಕಿಯನ್ನು ಎಲ್ಲಿಡುತ್ತೀರಿ? ತುಂಬಿದ 1,000 ಲೀಟರ್ ಎಂದರೆ ಒಂದು ಟನ್ ಭಾರ. ಸಿಮೆಂಟಿನ ಕಟ್ಟಡದಲ್ಲಿ ಕಂಬದ ಅಥವಾ ತೊಲೆಯ ನೆತ್ತಿಗೆ ಸರಿಯಾಗಿ ಇಟ್ಟರೆ ತಡೆಯುತ್ತದೆ. ಕಟ್ಟಿಗೆಯ ಜಂತಿ, ಮಣ್ಣಿನ ಗೋಡೆಯ ಹಳೆ ವಾಡೆ ಮನೆಯಲ್ಲಿ ಮಾಳಿಗೆಯ (ತಾರಸಿಯ) ನಡುವೆ ಇಡುವ ಹಾಗಿಲ್ಲ. 500 ಲೀಟರಿನ ಎರಡು ಟಾಕಿಗಳನ್ನು ಎರಡು ಬೇರೆ ಗೋಡೆಗಳ ಮೂಲೆಯಲ್ಲಿಡಿ, ಇಲ್ಲದಿದ್ದರೆ ಕೆಳಗಡೆಯೇ ಇಡಿ. ನಳದ ಒತ್ತಡಕ್ಕೆ ನೀರು ತಾನಾಗಿ ಮಹಡಿ ಹತ್ತುವುದು ಅಪರೂಪ, 10 ಮೀಟರು ಎತ್ತರಕ್ಕೆ ಒಂದು ಬಾರ್ ಒತ್ತಡ ಬೇಕು. ಆದ್ದರಿಂದ ಕೆಳಗೊಂದು ತೊಟ್ಟಿ, ಅರ್ಧ ಎಚ್.ಪಿ. ಮೋಟರು, 1,000 ಲೀಟರು ಏರಿಸಲು ಅರ್ಧದಿಂದ ಮುಕ್ಕಾಲು ಗಂಟೆ. ಇಲ್ಲೇ ಜಗಳ ಹುಟ್ಟುವುದು. ತೊಟ್ಟಿ ಅಂಗಡಿಯ ನೆಲದಡಿ ಇದೆಯೇ, ಅದರ ಮುಚ್ಚಳ ಶಟರಿನ ಒಳಗಿದೆಯೇ? ಮೋಟರಿನ ವೈರು ಯಾರ ಮೀಟರಿಗೆ ಹೋಗಿದೆ? ಬೆಳಗಿನ ಜಾವ ಐದಕ್ಕೆ ನೀರು ಬಂದಾಗ ಶಟರು ಮುಚ್ಚಿದ್ದರೆ ಏನು ಮಾಡುತ್ತೀರಿ? ಮೂರಕ್ಕೂ ಉತ್ತರ ಸಿಗದೆ ಮುಂದುವರಿಯಬೇಡಿ. ನಳಕ್ಕೆ ನೇರವಾಗಿ ಮೋಟರು ಕೂಡಿಸುವುದು ನಿಷಿದ್ಧ ಎನ್ನುವುದಷ್ಟೇ ಅಲ್ಲ. ಪೈಪಿನೊಳಗೆ ಹೀರುವಿಕೆ ಉಂಟಾದಾಗ ಗಟಾರದ ಪಕ್ಕ ಸೀಳಿದ ಜಾಗದಿಂದ ಹೊಲಸು ನೀರನ್ನೂ ಎಳೆದುಕೊಳ್ಳುತ್ತದೆ, ಅದನ್ನು ಮೊದಲು ಕುಡಿಯುವವರು ನೀವೇ. ಹಳೆ ವಾಡೆಯಲ್ಲಿ ಬಾವಿ ಇದ್ದರೆ ಬಟ್ಟೆ, ಬಾಂಡೆಗೆ ಭಾಗ್ಯ. ಸುತ್ತ ಗಟಾರಗಳಿರುವಲ್ಲಿ ಕುಡಿಯಲು ಬೇಡ.

ಕರೆಂಟಿನಲ್ಲಿ ನೋಡಬೇಕಾದ್ದು ಒಂದೇ, ಮೀಟರು ಯಾವ ವರ್ಗದ್ದು. ವಿದ್ಯುತ್ ಕಂಪನಿ ಹೆಸ್ಕಾಂನ ಬಿಲ್ಲನ್ನು ಕೈಗೆ ತೆಗೆದುಕೊಂಡು ಓದಿ. ಮನೆಗೆ ಬೇರೆ ಮೀಟರು ಇದ್ದು ಗೃಹಬಳಕೆ ಅಂತ ಬರೆದಿದ್ದರೆ ಸರಿ. ಅಂಗಡಿ ಮೀಟರಿನಿಂದಲೇ ಮೇಲಕ್ಕೆ ತಂತಿ ಎಳೆದು ಸಬ್‌ಮೀಟರು ಕೂರಿಸಿದ್ದರೆ ಪ್ರತಿ ಯೂನಿಟ್ಟಿಗೂ ವಾಣಿಜ್ಯ ದರ, ಮೇಲೆ ಗೃಹಜ್ಯೋತಿಯೂ ಇಲ್ಲ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಗೃಹಬಳಕೆಯ ಸಂಪರ್ಕಕ್ಕೆ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿಯ ಆಧಾರದ ಮೇಲೆ ಬಿಲ್ಲು ಶೂನ್ಯ. ಬಾಡಿಗೆದಾರರೂ ಆಧಾರ್ ಮತ್ತು ಬಾಡಿಗೆ ಕರಾರು ಕೊಟ್ಟು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನೋಂದಾಯಿಸಬಹುದು. ಹಿಂದಿನ ಬಾಡಿಗೆದಾರರ ಆಧಾರ್ ಆ ಸಂಪರ್ಕಕ್ಕೆ ಕೂಡಿಕೊಂಡೇ ಇದ್ದರೆ ಮೊದಲು ಅದನ್ನು ಬಿಡಿಸಬೇಕು. ಅದೇ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತಲೂ ಇರುತ್ತದೆ. 1 ಕಿಲೋವಾಟಿನ ಸಂಪರ್ಕದಲ್ಲಿ 2 ಕಿಲೋವಾಟಿನ ಗೀಸರು ಹಾಕಿದರೆ ಆಗುವುದೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೀಟರು ಹಲಗೆ ಬಹುತೇಕ ಪಾವಟಿಗೆಯ ಕೆಳಗಿರುತ್ತದೆ. ಅದರ ಕೆಳಗೇ ಅಂಗಡಿಯವರ ಖಾಲಿ ರಟ್ಟಿನ ಪೆಟ್ಟಿಗೆಗಳು. ಪೇಟೆಯ ಮನೆಗಳಲ್ಲಿ ನಾನು ಹೆದರುವುದು ಇದೊಂದಕ್ಕೇ. ಇರುವ ಒಂದೇ ಮೆಟ್ಟಿಲು, ಅದರ ಬುಡದಲ್ಲಿ ಕಿಡಿ ಹಾರಬಲ್ಲ ಹಲಗೆ, ಅದರಡಿ ಸೌದೆ. ಹೊಗೆ ಮೆಟ್ಟಿಲ ಕೋಣೆಯನ್ನೇ ಚಿಮಣಿ ಮಾಡಿಕೊಂಡು ಮೇಲೆ ಬರುತ್ತದೆ, ಬಟ್ಟೆ ಅಂಗಡಿಯಾದರೆ ಕೆಲವೇ ನಿಮಿಷಗಳಲ್ಲಿ. ಆಗ ಕೆಳಗೆ ಓಡುವುದು ತಪ್ಪು. ಮೆಟ್ಟಿಲ ಬಾಗಿಲು ಮುಚ್ಚಿ, ಸಂದಿಗೆ ಹಸಿ ಟವೆಲ್ ತುರುಕಿ, ಮಾಳಿಗೆಗೆ ಹತ್ತಬೇಕು. ಗಲ್ಲಿಯ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿರುವುದರ ದೊಡ್ಡ ಲಾಭ ಇದು, ಪಕ್ಕದ ಮಾಳಿಗೆಗೆ ದಾಟಬಹುದು. ದಾಟಬಹುದೇ ಅಂತ ಮನೆ ನೋಡುವ ದಿನವೇ ದಾಟಿ ನೋಡಿ. ಮಾಳಿಗೆ ಬಾಗಿಲಿನ ಕೀಲಿ ಮಾಲಕರ ಮನೆಯಲ್ಲಿದ್ದರೆ ನಕಲು ಮಾಡಿಸಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ. ಮೆಟ್ಟಿಲ ಬುಡದ ಗೇಟಿನ ಕೀಲಿಗೂ ಅದೇ ಮಾತು, ರಾತ್ರಿ ಅದನ್ನು ಅಂಗಡಿಯವರು ಹಾಕಿಕೊಂಡು ಹೋಗುವ ಪದ್ಧತಿ ಇದ್ದರೆ ಮೊದಲ ದಿನವೇ ನಿಲ್ಲಿಸಿ. ರಟ್ಟಿನ ಪೆಟ್ಟಿಗೆಗಳನ್ನು ತೆಗೆಸಿ. ಮನೆಯ ಹಲಗೆಗೆ ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಗ್ಯಾಸಿನ ರಬ್ಬರು ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ, ಅದರ ಮೇಲೆಯೇ ವರ್ಷ ಅಚ್ಚಾಗಿರುತ್ತದೆ. ದೀಪಾವಳಿ ವಾರದಲ್ಲಿ ಕೆಳಗಿನವರು ಪಟಾಕಿ ದಾಸ್ತಾನು ಮಾಡುತ್ತಾರೆಯೇ ಅಂತ ಕೇಳಲು ಸಂಕೋಚ ಬೇಡ.

ಮಳೆ ಬೆಳಗಾವಿಯ ಅಸಲಿ ಪರೀಕ್ಷೆ. ವರ್ಷಕ್ಕೆ ಸುಮಾರು 1,300 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್, ಜುಲೈ ಎಲ್ಲಕ್ಕಿಂತ ಜೋರು. ಧಾರವಾಡದಾಚೆಯಿಂದ ಬಂದವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಳಿ ಪಡುವಣದಿಂದ ಬೀಸುತ್ತದೆ, ಮಳೆ ಅಡ್ಡಡ್ಡ ಬೀಳುತ್ತದೆ. ಆದ್ದರಿಂದ ಮನೆಯ ಪಶ್ಚಿಮದ ಗೋಡೆ ಯಾವುದು ಅಂತ ಗುರುತಿಸಿ, ಅದರ ಬುಡ ಮತ್ತು ಮೇಲ್ಮೂಲೆ ನೋಡಿ. ಬಣ್ಣ ಹೊಪ್ಪಳಿಕೆ ಎದ್ದಿದ್ದರೆ, ಬಿಳಿ ಉಪ್ಪು ಹೂ ಬಿಟ್ಟಿದ್ದರೆ, ಮಾಲಕರು ಏನೇ ಹೇಳಲಿ, ಅಲ್ಲಿ ನೀರಿದೆ. ಮಣ್ಣು, ಸುಣ್ಣದ ಗೋಡೆಗೆ ಸಿಮೆಂಟು ಗಿಲಾವು ಮಾಡಿ ಎಣ್ಣೆಬಣ್ಣ ಹೊಡೆದಿದ್ದರೆ ಇನ್ನೂ ಕೆಟ್ಟದ್ದು: ಒಳಗೆ ಹೊಕ್ಕ ತೇವ ಹೊರಬರಲು ದಾರಿಯಿಲ್ಲದೆ ಗೋಡೆಯೊಳಗೇ ಕೂಡುತ್ತದೆ, ಎರಡು ಮಳೆಗಾಲದಲ್ಲಿ ಗಿಲಾವು ಹಪ್ಪಳದಂತೆ ಕಳಚುತ್ತದೆ. ಹಳೆ ಗೋಡೆಗೆ ಹಳೆ ಸುಣ್ಣವೇ ಒಳ್ಳೆಯದು, ಅದು ಉಸಿರಾಡುತ್ತದೆ.

ಪೇಟೆಯಲ್ಲಿ ಮಾತ್ರ ಕಾಣುವ ಸೋರಿಕೆ ಇನ್ನೊಂದಿದೆ. ಪಕ್ಕದವರು ಹಳೆ ಮನೆ ಕೆಡವಿ ಹೊಸ ಕಟ್ಟಡ ಎಬ್ಬಿಸಿರುತ್ತಾರೆ. ಅವರ ಗೋಡೆಗೂ ನಿಮ್ಮದಕ್ಕೂ ನಡುವೆ ಮೂರ್ನಾಲ್ಕು ಇಂಚು ಸಂದಿ. ಕೈ ತೂರದ ಆ ಸಂದಿಯಲ್ಲಿ ಇಟ್ಟಂಗಿ ಚೂರು, ಗುಟಕಾ ಚೀಟಿ, ಪಾರಿವಾಳದ ಗೂಡು ತುಂಬಿ ಮಳೆನೀರು ನಿಲ್ಲುತ್ತದೆ. ಒಳಗಿನಿಂದ ಎಷ್ಟು ಸಲ ವಾಟರ್‌ಪ್ರೂಫ್ ಬಣ್ಣ ಬಳಿದರೂ ಅದು ನಿಲ್ಲದು. ಮಾಡಬೇಕಾದ ಕೆಲಸ ಮೇಲೆ: ಸಂದಿಯ ಉದ್ದಕ್ಕೂ ತಗಡು ಹೊದಿಸಿ, ಎತ್ತರದ ಗೋಡೆಯಲ್ಲಿ ಒಂದು ಗೆರೆ ಕೊರೆದು ತಗಡಿನ ಅಂಚನ್ನು ಅದರೊಳಗೆ ಸೇರಿಸಿ ಸಿಮೆಂಟು ತುಂಬಬೇಕು, ಇನ್ನೊಂದು ಅಂಚು ನಿಮ್ಮ ಮಾಳಿಗೆ ಕಡೆ ಇಳಿಜಾರಾಗಬೇಕು. ಇದಕ್ಕೆ ಪಕ್ಕದವರ ಒಪ್ಪಿಗೆ ಬೇಕು, ಅದನ್ನು ಪಡೆಯುವುದು ಮಾಲಕರ ಕೆಲಸ, ಮುಂಗಡ ಕೊಡುವ ಮೊದಲಿನ ಕೆಲಸ.

ಮಂಗಳೂರು ಹಂಚಿನ ಛಾವಣಿ ಇದ್ದರೆ ಮೇ ತಿಂಗಳಲ್ಲಿ ಒಮ್ಮೆ ಹಂಚು ಕೈಯಾಡಿಸಬೇಕು. 100 ಚದರಡಿಗೆ 140ರಿಂದ 150 ಹಂಚು ಕೂರುತ್ತವೆ. 20 ಹೆಚ್ಚಿಗೆ ಹಂಚು ಅಟ್ಟದಲ್ಲಿರಲಿ, ಬೆಕ್ಕು, ಮಂಗ, ಕೇಬಲ್ಲಿನ ಹುಡುಗ ಈ ಮೂವರೂ ಒಡೆಯುತ್ತಾರೆ. ಹಗಲಿನಲ್ಲಿ ದೀಪ ಆರಿಸಿ ಮೇಲೆ ನೋಡಿ, ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ರೀಪಿನ ಮೇಲೆ ಗುರುತು ಹಾಕಿ. ಸಿಮೆಂಟಿನ ಮಾಳಿಗೆಯಾದರೆ ಎರಡು ಕೊಡ ನೀರು ಸುರಿದು ಹತ್ತು ನಿಮಿಷದ ಮೇಲೆ ಎಲ್ಲಿ ನಿಂತಿದೆ ನೋಡಿ. 600 ಚದರಡಿಯ ಮಾಳಿಗೆ ಮೇಲೆ ಒಂದು ದಿನ 50 ಮಿಲಿಮೀಟರ್ ಮಳೆ ಬಿದ್ದರೆ 2,800 ಲೀಟರ್ ನೀರು ಇಳಿಯಬೇಕು. 2 ಇಂಚಿನ ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಅಡ್ಡ ಬಿದ್ದರೆ ಅಷ್ಟೂ ನೀರು ನಿಮ್ಮ ನೆತ್ತಿಯ ಮೇಲೆ. 4 ಇಂಚಿನ ಪೈಪು, ಬಾಯಿಗೆ ಜಾಳಿಗೆ, ವಾರಕ್ಕೊಮ್ಮೆ ಕೈಯಾಡಿಸುವುದು. ಕಪಾಟುಗಳನ್ನು ಪಶ್ಚಿಮದ ಗೋಡೆಯಿಂದ ಕನಿಷ್ಠ ನಾಲ್ಕು ಬೆರಳು ದೂರ ಇಡಿ, ಇಲ್ಲದಿದ್ದರೆ ರೇಷ್ಮೆ ಸೀರೆಗಳಿಗೆ ಬೂಷ್ಟು.

ಕರಾರು 11 ತಿಂಗಳದ್ದು ಬರೆಯುತ್ತಾರೆ, ವರ್ಷ ಮೀರಿದರೆ ನೋಂದಣಿ ಕಡ್ಡಾಯ ಎನ್ನುವ ಕಾರಣಕ್ಕೆ. ಅದರಲ್ಲಿ ತೊಟ್ಟಿ, ಮೋಟರು, ಮಾಳಿಗೆ ಕೀಲಿ, ಸ್ಕೂಟರಿನ ಜಾಗ ನಾಲ್ಕನ್ನೂ ಹೆಸರಿಟ್ಟು ಬರೆಸಿ. ವಿಳಾಸ ಬರೆಯುವಾಗ ಒಂದು ಎಚ್ಚರ: ಬೆಳಗಾವಿಯಲ್ಲಿ ಖಡೇಬಜಾರ ಎರಡಿವೆ. ಶಹಾಪುರದ್ದರ ಪಿನ್‌ಕೋಡು 590003. ಹೆಸರು ಮಾತ್ರ ಬರೆದರೆ ನಿಮ್ಮ ಪಾರ್ಸೆಲ್ಲು ಇನ್ನೊಂದಕ್ಕೆ ಹೋಗಿ ಕೂರುತ್ತದೆ.

ಕೊನೆಗೆ ಮೆರವಣಿಗೆಗಳು. ವೈಶಾಖದಲ್ಲಿ ಶಿವಜಯಂತಿಯ ಚಿತ್ರರಥಗಳು, ನವೆಂಬರ್ 1ಕ್ಕೆ ರಾಜ್ಯೋತ್ಸವ, ಇವೆರಡರ ನಡುವೆ ಗಣಪತಿ. 1905ರಲ್ಲಿ ಲೋಕಮಾನ್ಯ ಟಿಳಕರು ಝೆಂಡಾ ಚೌಕದಲ್ಲಿ ಆರಂಭಿಸಿದ ಸಾರ್ವಜನಿಕ ಗಣೇಶೋತ್ಸವದ ಊರಿದು. ಅನಂತ ಚತುರ್ದಶಿಯ ಸಂಜೆ ಹೊರಟ ಮೆರವಣಿಗೆ ಕಪಿಲೇಶ್ವರ ಹೊಂಡ ಮುಟ್ಟಿ ಮುಗಿಯುವಾಗ ಮರುದಿನ ಮಧ್ಯಾಹ್ನವೂ ದಾಟಿರುತ್ತದೆ. ರಾಮಲಿಂಗಖಿಂಡ ಗಲ್ಲಿಯಂಥ ಮೆರವಣಿಗೆ ದಾರಿಯಲ್ಲಿ ಮನೆ ಇದ್ದರೆ ಹಿಂದಿನ ರಾತ್ರಿಯೇ ಸ್ಕೂಟರನ್ನು ಹೊರಗಿನ ರಸ್ತೆಯಲ್ಲಿಡಿ. ಹಾಲು, ಔಷಧ ಎರಡು ದಿನಕ್ಕೆ ಆಗುವಷ್ಟು ತಂದಿಡಿ. ಎದೆಬೇನೆಯವರು, ಎಳೆಗೂಸುಗಳಿದ್ದರೆ ಆ ರಾತ್ರಿ ನೆಂಟರ ಮನೆಯೇ ಸರಿ, ಡಾಲ್ಬಿಯ (ಮೆರವಣಿಗೆಯ ದೊಡ್ಡ ಧ್ವನಿವರ್ಧಕಗಳ) ಅದುರನ್ನು ಯಾವ ಪರದೆಯೂ ತಡೆಯುವುದಿಲ್ಲ.

ಮತ್ತೆ, ಆ ರಾತ್ರಿ ನಿಮಗೆ ಇದ್ದಕ್ಕಿದ್ದಂತೆ ಬಹಳ ಜನ ಬಂಧುಗಳಾಗುತ್ತಾರೆ. "ಕಾಕಾ, ನಿಮ್ಮ ಮನಿಯಿಂದ ಛಲೋ ಕಾಣಿಸ್ತದಂತ" ಅಂತ ಇಪ್ಪತ್ತು ಮಂದಿ ಬಾಲ್ಕನಿಯಲ್ಲಿ ನಿಂತರೆ ಕಡಿಮೆ ಅಂದರೂ 1,200 ಕಿಲೋ ಭಾರ, ಎಲ್ಲವೂ ಕಟಾಂಜನದ ಅಂಚಿಗೆ, ಅದೂ ತಾಳಕ್ಕೆ ಕುಣಿಯುತ್ತ. ಕಟ್ಟಿಗೆಯ ಹಳೆ ಬಾಲ್ಕನಿಯ ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಮಳೆನೀರಿಗೆ ಕೊಳೆತಿರುವುದು ಹೆಚ್ಚು. ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಅರ್ಧ ಇಂಚು ಸುಲಭವಾಗಿ ಇಳಿದರೆ ಆ ದಿನ ಬಾಲ್ಕನಿ ಬಾಗಿಲಿಗೆ ಕೀಲಿ ಹಾಕಿ, ಬಂದವರಿಗೆ ಕುಂದಾ ಕೊಟ್ಟು ಕಿಟಕಿಗಳಲ್ಲಿ ಹಂಚಿ ಕೂರಿಸಿ.